ಅರಿಶಿನದಂತೆ ಬಳಿದ ಮುಲಾಮು

ಮುಲಾಮಿನದೇನೂ ತಪ್ಪಿರಲಿಲ್ಲ, ತಪ್ಪೆಲ್ಲ ನನ್ನ ಮೊಮ್ಮಗಳದು. ಮೊಡವೆಯ ಮೇಲಷ್ಟೇ ತೆಳ್ಳಗೆ ಸವರು ಎಂದು ಆಳಂದದ ಡಾಕ್ಟರು ಕೊಟ್ಟ ಟ್ಯೂಬನ್ನು, ವರನ ಕಡೆಯವರು ಬರುವಷ್ಟರಲ್ಲಿ ಚೆಂದ ಆಗಬೇಕೆಂದು, ಮದುಮಗಳಿಗೆ ಅರಿಶಿನ ಬಳಿದಂತೆ ದಿನವೂ ಮುಖದ ತುಂಬ ಬಳಿದುಕೊಂಡಳು. ಅಫಜಲಪುರದಿಂದ ಅವರು ಬಂದ ದಿನ ಮುಖ ಕೆಂಪಗೆ ಸುಲಿದಿತ್ತು.

ಪೌಡರು ಹಚ್ಚಿ ಮುಚ್ಚೋಣ ಎಂದಳು ಸೊಸೆ. ನಾನು ಬೇಡವೆಂದೆ. ಚಹಾ ತಂದ ಹುಡುಗಿಯನ್ನು ನೋಡಿ ವರನ ತಾಯಿ ಗಾಬರಿಯಾದಾಗ ಇದ್ದದ್ದನ್ನೇ ಹೇಳಿಬಿಟ್ಟೆ: "ರೋಗ ಅಲ್ಲರಿ ಯವ್ವಾ, ಮೊಡವಿ ಮುಲಾಮು ದಪ್ಪ ಹಚ್ಕೊಂಡು ಮಾರಿ ಸುಟ್ಕೊಂಡಾಳ. ಬ್ಯಾಡಂದ್ರ ಈಗೇ ಹೇಳ್ರಿ."

ಆಕೆ ಬಿದ್ದು ಬಿದ್ದು ನಕ್ಕಳು. ಧೂಳಿನ ನೆಪ ಹೇಳಿ ಮುಖಕ್ಕೆ ಟವೆಲ್ ಸುತ್ತಿಕೊಂಡೇ ಕುಳಿತಿದ್ದ ಮಗನ ಕಡೆ ತಿರುಗಿ, "ತೆಗಿಯಲೇ ಅದನ್ನ, ನಿನ್ನ ಮಾರೀನೂ ನೋಡ್ಲಿ!" ಎಂದಳು. ಟವೆಲ್ ಸರಿದರೆ ಆ ಮುಖವೂ ಹಣ್ಣು ಮೆಣಸಿನಕಾಯಿಯೇ. ಹೆಣ್ಣು ನೋಡಲು ಹೋಗಬೇಕೆಂದು ಅವನೂ ಅಂಥದೇ ಟ್ಯೂಬು ಬಳಿದುಕೊಂಡಿದ್ದನಂತೆ. ಮೊಮ್ಮಗಳು ಚಹಾದ ತಾಟು ಹಿಡಿದೇ ಕಿಸಕ್ಕನೆ ನಕ್ಕಳು.

ಮರುದಿನ ಬೆಳಿಗ್ಗೆ ಅಫಜಲಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಡಬ್ಬಿ ಬೆಣ್ಣೆ ಕಳಿಸಿದೆ, ಅಳಿಯನ ಮುಖಕ್ಕೆ ಹಚ್ಚಲಿ ಎಂದು.