ಹಸಿರು ಚುಕ್ಕೆ ಇಲ್ಲದ ಹಳದಿ ಪೊಟ್ಟಣ

ಮಲೇಷ್ಯಾ ಪ್ರವಾಸ ಮುಗಿಸಿ, ಬೆಂಗಳೂರಿನಲ್ಲಿ ವಿಮಾನ ಬದಲಾಯಿಸಿ ಸೋಗಾನೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನನ್ನ ಮನೆ ಶಿವಮೊಗ್ಗದಲ್ಲಿ. ಆದರೂ ಮೊದಲು ಭದ್ರಾವತಿಯ ದೊಡ್ಡಮ್ಮನನ್ನು ನೋಡಿಕೊಂಡೇ ಹೋಗೋಣವೆಂದು ಆಟೊ ಹಿಡಿದೆ. ಹೆದ್ದಾರಿಯ ಮಲವಗೊಪ್ಪದವರೆಗೆ ಆಟೊದವನು ಇನ್ನೂರು ರೂಪಾಯಿ ಕಿತ್ತ. ಅಲ್ಲಿಂದ ಭದ್ರಾವತಿಗೆ ಸರ್ಕಾರಿ ಬಸ್ಸು, ಹೆಂಗಸರಿಗೆ ಪುಕ್ಕಟೆ. ವಿಮಾನದಲ್ಲಿ ಸಿಗದ ಕಿಟಕಿ ಸೀಟು ಬಸ್ಸಿನಲ್ಲಿ ಸಿಕ್ಕಿತು.

ಚೀಲದ ತುಂಬ ಮಲೇಷ್ಯಾದಿಂದ ತಂದ ತಿಂಡಿ, ಎಲ್ಲವೂ ಪರಿಚಿತ ಹೆಸರುಗಳೇ. ರುಚಿ ಮಾತ್ರ ಬೇರೆ. ನಮ್ಮಲ್ಲಿ ಸಿಗುವ ಕಂಪನಿಯದೇ ಚಿಪ್ಸ್, ಬಾಯಿಗಿಟ್ಟರೆ ಕಡಲಪಾಚಿ! ಅದೇ ಹೆಸರಿನ ಬಿಸ್ಕತ್ತಿಗೆ ಸಿಹಿ ಅರ್ಧಕ್ಕರ್ಧ ಕಡಿಮೆ. ಹಳದಿ ಪೊಟ್ಟಣದ ನೂಡಲ್ಸ್ ಕಂಡಾಗಲಂತೂ ಪರದೇಶದಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಗಿತ್ತು. ಹಲ್ಲು ಉದುರಿದ ಮೇಲೆ ದೊಡ್ಡಮ್ಮನಿಗೆ ಅದೆಂದರೆ ಪ್ರಾಣ.

ದೊಡ್ಡಮ್ಮ ಇರುವುದು ಉಕ್ಕಿನ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಸಾಲಿನಲ್ಲಿ. ಇಷ್ಟಲಿಂಗ ಪೂಜೆಯಾಗದೆ ಗುಟುಕು ನೀರು ಕುಡಿಯದ ಹೆಂಗಸು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಿದವಳಲ್ಲ. ಅವಳು ಪೂಜೆ ಮುಗಿಸಿ ಬರುವಷ್ಟರಲ್ಲಿ ನಾನು ನೂಡಲ್ಸ್ ಬೇಯಿಸಿದ್ದೆ.

"ವಾಸ್ನೆ ಏನೋ ಬೇರೆ ಥರ ಇದ್ಯಲ್ಲೇ ಮಾರಾಯ್ತಿ?"

"ಫಾರಿನ್ ಮಸಾಲೆ ದೊಡ್ಡಮ್ಮ," ಎಂದು ಜಂಬದಿಂದ ಬಡಿಸಿದೆ.

ಅವಳು ಚಮಚ ಎತ್ತಿದ್ದಳು. ಅಷ್ಟರಲ್ಲಿ ಬಾಗಿಲಿಗೆ ಬಂದ ಪಕ್ಕದ ಮನೆಯ ತಮಿಳಿನಾಕೆ ಸೆಲ್ವಿ, ಓಡಿಬಂದು ತಟ್ಟೆಯನ್ನೇ ಕಿತ್ತುಕೊಂಡಳು.

"ಅಕ್ಕಾ, ವೇಂಡಾ! ತಿನ್ಬೇಡಿ! ಇದು ಕೋಳಿ ವಾಸ್ನೆ!"

ಪೊಟ್ಟಣ ತಿರುಗಿಸಿ ನೋಡಿದೆ. ನಮ್ಮಲ್ಲಿ ಸಸ್ಯಾಹಾರಕ್ಕೆ ಹಾಕುವ ಹಸಿರು ಚುಕ್ಕೆ ಇದರಲ್ಲಿ ಇರಲಿಲ್ಲ. ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ 'ಚಿಕನ್' ಎಂದಿತ್ತು. ಚಿತ್ರದಲ್ಲಿದ್ದ ಬಿಳಿ ತುಂಡುಗಳನ್ನು ನಾನು ಪನೀರ್ ಅಂದುಕೊಂಡಿದ್ದೆ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಪೆದ್ದಿ ನಾನು. ಒಂದು ಕ್ಷಣ ತಡವಾಗಿದ್ದರೆ ದೊಡ್ಡಮ್ಮನ ಜೀವಮಾನದ ನೇಮ ನನ್ನ ಕೈಯಿಂದಲೇ ಕೆಡುತ್ತಿತ್ತು. ನಾಚಿಕೆಯಿಂದ ಅಳುವೇ ಬಂತು.

ದೊಡ್ಡಮ್ಮ ಬೈಯಲಿಲ್ಲ. ಕೈ ತೊಳೆದು ಬಂದು ಸೆಲ್ವಿಯನ್ನೇ ನೋಡಿದಳು. "ನನ್ನ ನೇಮ ಕಾಯೋಕೆ ಕೋಳಿ ತಿನ್ನೋಳ ಮೂಗೇ ಬೇಕಾಯ್ತು ನೋಡು!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

"ಪಾತ್ರೆ ಸಮೇತ ನಮ್ಮನೆಗೆ ತಗೊಂಡೋಗ್ತೀನಿ ಅಕ್ಕಾ," ಎಂದಳು ಸೆಲ್ವಿ.

"ಹೋಗೋದೆಲ್ಲಿಗೆ? ಆರೋಗುತ್ತೆ. ಇಲ್ಲೇ ಜಗಲಿ ಮೇಲೆ ಕೂತು ತಿನ್ನು."

ದೊಡ್ಡಮ್ಮನಿಗೆ ಬೇರೆ ಪಾತ್ರೆಯಲ್ಲಿ ಅವಲಕ್ಕಿ ನೆನೆಸಿ, ಮೊಸರು ಕಲಸಿಕೊಟ್ಟು ಶಿವಮೊಗ್ಗಕ್ಕೆ ಹೊರಟೆ. ಬೀದಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ಸೆಲ್ವಿಯ ಮನೆಯಲ್ಲಿ ಕೋಳಿ ಬೆಂದರೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದ ದೊಡ್ಡಮ್ಮ, ಜಗಲಿಯ ಮೇಲೆ ಅವಳ ಪಕ್ಕದಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದಳು.