ನಾಲ್ಕೂ ಊರಿಗೆ ಹೋದ ಷರಾ

ದೇವನಹಳ್ಳಿಯಲ್ಲಿ ವಿಮಾನಕ್ಕಿಂತ ಮೊದಲು ಇಳಿದದ್ದು ಧೂಳು. ಮಣ್ಣಿನ ಟಿಪ್ಪರ್‌ಗಳ ಹಿಂದೆ ನನ್ನ ಮೊಪೆಡ್, ಹೆಗಲ ಚೀಲದಲ್ಲಿ ಟವೆಲ್ ಸುತ್ತಿದ ಮೂರು ಸಿ.ಡಿ. ಆ ಮೂರು ಸಿ.ಡಿ.ಗಳೊಳಗೆ ನಮ್ಮ ಸೀಮೆಯ ಮದುವೆಯಾಗದ ಹುಡುಗ ಹುಡುಗಿಯರೆಲ್ಲ ಇದ್ದರು.

ನಾನು ಆಗ ದೊಡ್ಡಬಳ್ಳಾಪುರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನಡೆಸುತ್ತಿದ್ದ ವಧೂವರರ ಮಾಹಿತಿ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಪಕ್ಕದ ಅರಿಶಿನಕುಂಟೆ, ಮೂರು ಕಡೆ ಶಾಖೆ. ಜಾತಕಗಳನ್ನು ಕಂಪ್ಯೂಟರಿಗೆ ಏರಿಸಿದ್ದು ನಾನು, ಗೋತ್ರ ನಕ್ಷತ್ರ ನೋಡಿ ಹುಡುಕುವ ಪ್ರೋಗ್ರಾಂ ಬರೆದದ್ದೂ ನಾನು. ವಾರಕ್ಕೊಮ್ಮೆ ಹೊಸ ಜಾತಕಗಳ ಸಿ.ಡಿ. ಮಾಡಿ ಶಾಖೆಗಳಿಗೆ ಹಾಕಿ, ಅಲ್ಲಿ ಸೇರಿದ್ದನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬರುತ್ತಿದ್ದವನೂ ನಾನೇ. ಸೂಲಿಬೆಲೆ ದಾಟುವಷ್ಟರಲ್ಲಿ ಹುಬ್ಬೆಲ್ಲ ಕೆಂಪಗಾಗಿರುತ್ತಿತ್ತು. ಅರಿಶಿನಕುಂಟೆಯವರು "ಬಂದ್ನಪ್ಪಾ ಮದ್ವೆ ಪೋಸ್ಟ್‌ಮ್ಯಾನು" ಅನ್ನುತ್ತಿದ್ದರು. ಪ್ರೋಗ್ರಾಂ ಬರೆಯುವವನನ್ನು ಪೋಸ್ಟ್‌ಮ್ಯಾನ್ ಅನ್ನುವುದೇ? ಉರಿದುಹೋಗುತ್ತಿತ್ತು ನನಗೆ.

ಆದರೂ ದೇವನಹಳ್ಳಿಗೆ ಹೋಗುವ ದಿನವೆಂದರೆ ಖುಷಿ. ಅಲ್ಲಿನ ಶಾಖೆ ಕೋಟೆಯ ಹಿಂದಿನ ಒಂದು ಮನೆಯ ಮುಂದಿನ ಕೋಣೆ. ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಹೆಂಗಸು, ಎಲ್ಲರಿಗೂ ಅಕ್ಕ. ನಾನು ಹೋದ ತಕ್ಷಣ ಹಿತ್ತಲಿನ ಚಕ್ಕೋತ ಸುಲಿದು, ಉಪ್ಪು ಖಾರ ಉದುರಿಸಿ ಮುಂದಿಡುತ್ತಿದ್ದರು. ನಾನು ತಿಂದು ಮುಗಿಸುವವರೆಗೆ ಅವರು ಕಂಪ್ಯೂಟರಿನ ಮುಂದೆ ಕೂತು ಏನೋ ಅಳಿಸುತ್ತಿದ್ದರು. ಆಮೇಲೆ, "ಈಗ ತುಂಬ್ಕೋ" ಅನ್ನುತ್ತಿದ್ದರು. ಏನು ಅಳಿಸುತ್ತೀರಿ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಹಣ್ಣು ಬಾಯಲ್ಲಿದ್ದವನು ಕೇಳುವುದಾದರೂ ಹೇಗೆ?

ದೊಡ್ಡಬಳ್ಳಾಪುರಕ್ಕೆ ಬ್ರಾಡ್‌ಬ್ಯಾಂಡ್ ಬಂತು, ಶಾಖೆಗಳಿಗೂ ಬಂತು. ನಾನು ಎರಡು ತಿಂಗಳು ತಲೆ ಕೆರೆದುಕೊಂಡು ಹೊಸದೊಂದು ವ್ಯವಸ್ಥೆ ಮಾಡಿದೆ. ಸಂಜೆ ಕಂಪ್ಯೂಟರ್ ಆರಿಸುವಾಗ ಆ ಶಾಖೆಯ ಮಾಹಿತಿ ತಾನಾಗಿಯೇ ನಮ್ಮಲ್ಲಿಗೆ ಬರುವುದು, ಬೆಳಿಗ್ಗೆ ಹಾಕಿದ ಕೂಡಲೇ ನಾಲ್ಕೂ ಊರಿನದು ತಾನಾಗಿಯೇ ಇಳಿಯುವುದು. ಯಾರೂ ಒಂದು ಗುಂಡಿ ಒತ್ತಬೇಕಿಲ್ಲ. ಮೊದಲ ಬೆಳಿಗ್ಗೆ ನಾಲ್ಕು ಕಡೆಯೂ "ಹೊಸ ಮಾಹಿತಿ ಬಂದಿದೆ" ಎಂಬ ಚಿಕ್ಕ ಕಿಟಕಿ ಮೂಡಿದಾಗ ಮೇಷ್ಟ್ರು ಜಹಾಂಗೀರ್ ತರಿಸಿದರು. ಇನ್ನು ಮೇಲೆ ಪೋಸ್ಟ್‌ಮ್ಯಾನ್ ಅನ್ನಿ ನೋಡೋಣ ಎಂದು ನಾನು ಬೀಗಿದೆ.

ಎರಡೇ ವಾರ. ಅಕ್ಕನ ಫೋನು ಬಂತು. "ಏನಪ್ಪಾ" ಇಲ್ಲ, "ಊಟ ಆಯ್ತಾ" ಇಲ್ಲ. "ನೀನು ಈಗಲೇ ಇಲ್ಲಿಗೆ ಬಾ" ಅಂದರು, ಇಟ್ಟರು.

ಹೋದಾಗ ತಿಳಿಯಿತು. ನಮ್ಮ ಕಡೆ ಒಂದು ರೂಢಿ. ನಿಶ್ಚಯವಾದ ಮದುವೆ ಮುರಿದರೆ ಆ ಹುಡುಗಿಯ ಜಾತಕವನ್ನು ಕೆಲ ಕಾಲ ಯಾರಿಗೂ ತೋರಿಸುವುದಿಲ್ಲ. ಆಷಾಢ ಕಳೆದ ಮೇಲೆ ಹೊಸ ಫೋಟೋ, ಹೊಸ ನಂಬರು ಕೊಟ್ಟು ಹೊಸ ಜಾತಕದಂತೆ ಹೊರಗೆ ಬಿಡುತ್ತಾರೆ. ಮುರಿದದ್ದು ಬಾಯಿಂದ ಬಾಯಿಗೆ ಹೋಗಬಾರದು. ಹೊರಗೆ ಬಿಟ್ಟ ಮೇಲೂ ಅಕ್ಕ ತಮ್ಮ ನೆನಪಿಗೆಂದು ಅಂಥ ಜಾತಕದ ಷರಾ ಕಾಲಮ್ಮಿನಲ್ಲಿ "ನಿಶ್ಚಯ ಮುರಿದಿದೆ" ಎಂದು ಬರೆದಿಟ್ಟು, ನಾನು ಬಂದ ದಿನ ಆ ಷರಾ ಮಾತ್ರ ಅಳಿಸಿ ಕೊಡುತ್ತಿದ್ದರು. ನಾನು ಚಕ್ಕೋತ ತಿನ್ನುವಾಗ ನಡೆಯುತ್ತಿದ್ದ ಕೆಲಸ ಅದು. ಈಗ ಚಕ್ಕೋತವೂ ಇಲ್ಲ, ಅಳಿಸಲು ಪುರಸೊತ್ತೂ ಇಲ್ಲ. ಆವತಿಯ ಒಬ್ಬ ಹುಡುಗಿಯ ಷರಾ ನಾಲ್ಕೂ ಊರಿಗೆ ಹೋಗಿತ್ತು. ಅರಿಶಿನಕುಂಟೆಯಲ್ಲಿ ಗಂಡಿನ ಕಡೆಯವರು ಪರದೆಯ ಮೇಲೆ ಓದಿ, "ಮೊದ್ಲಿನ ಗಂಡಿನೋರೇ ಬೇಡ ಅಂದ್ಮೇಲೆ ನಮಗ್ಯಾಕೆ?" ಎಂದು ಎದ್ದು ಹೋಗಿದ್ದರು. ಆ ಮಾತು ಅವಳ ಮನೆಯ ಬಾಗಿಲು ತಟ್ಟಿತ್ತು.

ಆ ಹುಡುಗಿ ಅಲ್ಲೇ ಕೂತಿದ್ದಳು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಶಿಫ್ಟು ಮುಗಿಸಿ ನೇರವಾಗಿ ಬಂದಿದ್ದಳು, ಕೊರಳಲ್ಲಿ ಕಾರ್ಡು ಹಾಗೇ ನೇತಾಡುತ್ತಿತ್ತು. ನನಗೆ ತಲೆ ಎತ್ತಲಾಗಲಿಲ್ಲ.

"ಹತ್ತೇ ನಿಮಿಷ. ನಾಲ್ಕೂ ಕಡೆ ಅಳಿಸಿಬಿಡ್ತೀನಿ" ಅಂದೆ.

"ಓದ್ದೋರು ಮರ್ತುಬಿಡ್ತಾರಾ?" ಎಂದು ಅವಳು ಕೇಳಿದಳು.

ಅಕ್ಕ ನಿಟ್ಟುಸಿರಿಟ್ಟರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಕಣಮ್ಮ."

"ಅಳಿಸೋದು ಬೇಡ. ಪೂರ್ತಿ ಬರೀರಿ," ಅಂದಳು ಹುಡುಗಿ. "ಮುರಿದೋರು ಯಾರು ಅಂತ ಅದ್ರಲ್ಲಿ ಎಲ್ಲಿದೆ? ನಾನು ಬೇಡ ಅಂದಿದ್ದು. ಮೂರು ಸಲ ಬಂದ್ರು ಅವ್ರು. ಮೂರು ಸಲನೂ ಏರ್‌ಪೋರ್ಟ್ ರಸ್ತೆ ಎಲ್ಲಿಂದ ಹೋಗತ್ತೆ, ನಿಮ್ ಹೊಲ ಎಷ್ಟು ದೂರ ಅಂತ್ಲೇ ಕೇಳಿದ್ದು. ಕಾಫಿ ಕೊಟ್ಟೋಳ ಮುಖ ಒಬ್ರೂ ನೋಡ್ಲಿಲ್ಲ."

"ಹೆಣ್ಣೇ ಬೇಡ ಅಂದ್ಲು ಅಂತ ಬರೆದ್ರೆ ಯಾರ್ ಬರ್ತಾರೆ ತಾಯಿ?" ಅಕ್ಕ ಕೇಳಿದರು.

"ಬರೋರು ಬರ್ಲಿ."

ಅವಳು ಹೇಳಿದಂತೆ ಬೆರಳಚ್ಚು ಮಾಡಿದೆ: ಹುಡುಗಿ ನೋಡಲು ಬಂದವರು ಹೊಲ ನೋಡಿ ಹೋದರು. ಬೇಡ ಅಂದದ್ದು ಹುಡುಗಿ. ಕಂಪ್ಯೂಟರ್ ಆರಿಸಿದೆವು. ಮಾರನೆ ಬೆಳಿಗ್ಗೆ ನಾಲ್ಕೂ ಊರಿನಲ್ಲಿ ಕಿಟಕಿ ಮೂಡಿತು.

ಆಮೇಲೆ ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಅವಳ ನಂಬರು ತೆಗೆದು ನೋಡುತ್ತಿದ್ದೆ. ಯಾರೂ ಕೇಳಿರಲಿಲ್ಲ. ಶ್ರಾವಣ ಹೋಯಿತು, ಗೌರಿ ಹಬ್ಬ ಹೋಯಿತು. ಷರಾ ಕಾಲಂ ಹೊರಗೆ ಹೋಗದಂತೆ ಪ್ರೋಗ್ರಾಂ ಎಂದೋ ಸರಿಮಾಡಿದ್ದೆ. ಅವಳದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಮೊಪೆಡ್ ಮೂಲೆ ಸೇರಿತ್ತು. ಯಾವ ಊರಿಗೂ ನಾನು ಬೇಕಾಗಿರಲಿಲ್ಲ. ಬೈಸಿಕೊಂಡ ಪೋಸ್ಟ್‌ಮ್ಯಾನ್ ಹೆಸರು ಕೂಡ ಬೇಕೆನಿಸುತ್ತಿತ್ತು.

ದೀಪಾವಳಿ ಕಳೆದ ಮೇಲೆ ಅಕ್ಕ ಫೋನ್ ಮಾಡಿದರು. "ಏನಪ್ಪಾ, ಊಟ ಆಯ್ತಾ? ನಾಳೆ ಬಾ. ಆವತಿ ಹುಡುಗೀ ಜಾತಕ ತೆಗೀಬೇಕು."

"ಇಲ್ಲಿಂದ್ಲೇ ತೆಗೀತೀನಿ ಅಕ್ಕ."

"ಎಲ್ಲಾ ತಾನಾಗೇ ಆಗ್ಬೇಕಾ ನಿಂಗೆ? ಬಾ ಅಂದ್ರೆ ಬಾ."

ಮೊಪೆಡ್ಡಿನ ಧೂಳು ಒರೆಸಿ ಹೊರಟೆ. ಮದುವೆ ನಿಶ್ಚಯವಾದದ್ದು ಸೂಲಿಬೆಲೆ ಕಡೆಯ ಮನೆತನದೊಂದಿಗಂತೆ. ಹೊಸಕೋಟೆ ಶಾಖೆಯಲ್ಲಿ ಹುಡುಗನ ತಾಯಿ, ಓದು ಬಾರದವರು, ಷರಾವನ್ನು ಮಗನಿಂದ ಎರಡು ಸಲ ಓದಿಸಿದರಂತೆ. "ಮೊದ್ಲು ಇವಳನ್ನ ನೋಡ್ಬೇಕು ಕಣೋ, ಹೊಲ ಎಲ್ಲಿಗೂ ಓಡಲ್ಲ" ಎಂದು ಎದ್ದರಂತೆ.

ಕೋಟೆಯ ಹಿಂದಿನ ಕೋಣೆಯಲ್ಲಿ ಹುಡುಗಿ ಮೊದಲೇ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಕ್ಕ ಚಕ್ಕೋತ ಸುಲಿದು ಉಪ್ಪು ಖಾರ ಉದುರಿಸಿ ನನ್ನ ಮುಂದಿಟ್ಟರು. ನಾನು ಎದ್ದು ಕಂಪ್ಯೂಟರಿನ ಕಡೆ ಹೋಗಬೇಕು, ಅವಳು ಕುರ್ಚಿ ಬಿಡಲಿಲ್ಲ.

"ನೀವು ತಿನ್ನಿ," ಅಂದಳು. ಷರಾವನ್ನು ಇನ್ನೊಮ್ಮೆ ಓದಿಕೊಂಡು, ತನ್ನ ಜಾತಕವನ್ನು ತಾನೇ ಅಳಿಸಿದಳು.