ರಟ್ಟಿನ ಮೇಲೆ ಕೂತ ಹೆಂಗಸರು

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಾಡಲು ಕೆಲಸ ಬೇಕಾದಷ್ಟು, ಮಾತಾಡಲು ಜನ ಕಡಿಮೆ. ನನಗೋ ಬಾಯಿ ಮುಚ್ಚಿಕೊಂಡಿದ್ದು ಗೊತ್ತಿಲ್ಲ. ಹಾಗಾಗಿ ಮಾವನವರ ಅಕ್ಕನಿಗೆ, ಅಂದರೆ ನಮ್ಮ ದೊಡ್ಡತ್ತೆಗೆ, ಬಂದ ವಾರದಲ್ಲೇ ಗಂಟುಬಿದ್ದೆ.

ಅವರು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಆ ಕಾಲದ ವಿಧವೆಯರಂತೆ ಕೆಂಪು ಸೀರೆ, ತಲೆಯ ಮೇಲೆ ಸೆರಗು. ಕೈ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ದರ್ಜಿ ಅಂಗಡಿಯ ಚೂರುಬಟ್ಟೆ, ಸಿಗರೇಟು ಪ್ಯಾಕಿನ ಬೇಗಡೆ, ಒಡೆದ ಗುಂಡಿ, ಹಕ್ಕಿಯ ಗರಿ, ಏನು ಸಿಕ್ಕರೂ ರಟ್ಟಿಗೆ ಅಂಟಿಸಿ ಚಿತ್ರ ಮಾಡುತ್ತಿದ್ದರು. ಅಂಟು ಕೂಡ ಮನೆಯದೇ, ಹುಣಸೆಬೀಜ ಅರೆದು ಕಾಯಿಸಿದ್ದು. ದಸರಾ ಬೊಂಬೆಗಳಿಗೆ ಸೀರೆ ಉಡಿಸಿ ಮೆಟ್ಟಿಲ ಮೇಲೆ ಜೋಡಿಸುವವರೂ ಅವರೇ. ಆದರೆ ಸಂಜೆ ಬೊಂಬೆಗಳ ಮುಂದೆ ದೀಪ ಹಚ್ಚುವ, ಮುತ್ತೈದೆಯರು ಅರಿಸಿನ ಕುಂಕುಮಕ್ಕೆ ಬರುವ ಹೊತ್ತಿಗೆ ಅಡುಗೆಮನೆ ಸೇರಿಬಿಡುತ್ತಿದ್ದರು. ಹೋಗಿ ಎಂದು ಯಾರೂ ಅನ್ನುತ್ತಿರಲಿಲ್ಲ. ಇರಿ ಎಂದೂ ಅನ್ನುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ ಬೊಂಬೆಗಳ ಹಿಂದೆ ತೂಗುಹಾಕಲು ಇಬ್ಬರೂ ಸೇರಿ ದೊಡ್ಡ ಚಿತ್ರವೊಂದನ್ನು ಮಾಡಿದೆವು. ಬೊಂಬೆ ನೋಡಲು ಬಂದು ಹಜಾರದ ಕಂಬಗಳ ನಡುವೆ ಸಾಲಾಗಿ ಕೂತ ನಮ್ಮ ಬೀದಿಯ ಹೆಂಗಸರು. ಅವರವರ ರವಿಕೆ ಹೊಲಿದು ಮಿಕ್ಕ ಬಟ್ಟೆಯೇ ಅವರವರ ಸೀರೆ, ತಾಮ್ರದ ತಂತಿಯೇ ಬಳೆ.

"ನಿಮ್ಮನ್ನ ಎಲ್ಲಿ ಕೂರ್ಸೋಣ?" ಎಂದೆ.

"ಹುಚ್ಚಿ, ನಾನ್ಯಾಕೆ ಅಲ್ಲಿ?" ಎಂದು ಎದ್ದು ಹೋದರು.

ಮಾರನೆಯ ದಿನ ತಮ್ಮ ಹಳೆಯ ಸೀರೆಯ ಚೂರೊಂದನ್ನು ತಂದು ನನ್ನ ಕೈಯಲ್ಲಿಟ್ಟರು. "ಕಂಬದ ಹಿಂದೆ ಅಂಟ್ಸು ಕಣೇ. ಅರ್ಧ ಕಂಡ್ರೆ ಸಾಕು."

ನಾನು ನಟ್ಟನಡುವೆ ಅಂಟಿಸಿದೆ. ಅವರು ನೋಡಿದರು, ಕೀಳಲಿಲ್ಲ.

ಆ ಸಂಜೆ ಬಂದವರಿಗೆ ಬೊಂಬೆಗಳು ಮರೆತೇಹೋದವು. "ಅಯ್ಯೋ, ಇದು ನನ್ನ ರವಿಕೆ ಬಟ್ಟೆ!" ಎಂದು ಒಬ್ಬೊಬ್ಬರೂ ತಮ್ಮನ್ನು ಹುಡುಕಿಕೊಂಡು ನಕ್ಕಿದ್ದೇ ನಕ್ಕಿದ್ದು. ಎದುರು ಮನೆಯ ಹಿರಿಯಾಕೆ ಕನ್ನಡಕ ಏರಿಸಿ, "ಮಧ್ಯದಲ್ಲಿ ಕೆಂಪು ಸೀರೆ ಉಟ್ಕೊಂಡಿರೋದು ಯಾರು? ಇಲ್ಲಿ ಕಾಣ್ತಾ ಇಲ್ವಲ್ಲ?" ಎಂದರು.

ನಗು ನಿಂತುಹೋಯಿತು. ನಮ್ಮ ಅತ್ತೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಇವತ್ತು ನನಗೆ ಗ್ರಹಚಾರ ಕಾದಿದೆ ಎಂದುಕೊಂಡೆ. ಅವರು ಚಿತ್ರದತ್ತ ತಿರುಗಿ ಆ ಕೆಂಪು ಸೀರೆಯನ್ನು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ, "ಅತ್ಗೆ, ಬನ್ನಿ ಈಚೆಗೆ. ನಿಮ್ಮನ್ನ ಕೇಳ್ತಾ ಇದಾರೆ," ಎಂದರು.

ದೊಡ್ಡತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. ಹೆಂಗಸರು ಸರಿದು ಜಾಗ ಬಿಟ್ಟರು. ಅತ್ತೆ ಅವರಿಗೆ ಕುಂಕುಮ ಕೊಡಲಿಲ್ಲ, ಉಸಲಿಯ ದೊನ್ನೆ ಕೊಟ್ಟರು. ದೊಡ್ಡತ್ತೆಗೆ ಅದರ ಮೇಲೂ ಗಮನವಿಲ್ಲ, ನಮ್ಮ ಚಿತ್ರದ ಮೇಲೂ ಇಲ್ಲ. ಮೆಟ್ಟಿಲುಗಳನ್ನೇ ನೋಡುತ್ತಾ ಕೂತಿದ್ದರು.

"ದೀಪ ಹಚ್ಚಿದ್ರೆ ಬೊಂಬೆಗಳು ಹೀಗೆ ಕಾಣ್ತವಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.